ತಂತಿ ಆಂಟೆನಾ ನೀವೇ ಕಟ್ಟಿ: ಖರ್ಚು ಕಡಿಮೆ, ತಾಳ್ಮೆ ಜಾಸ್ತಿ

ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೊ. ಅದರ ಲೈಸೆನ್ಸ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ರೇಡಿಯೊ ಮೇಲೆ. ಎಷ್ಟು ವಾಟ್, ಎಷ್ಟು ಬ್ಯಾಂಡ್, ಡಿಸ್‌ಪ್ಲೇ ಬಣ್ಣದ್ದಾ ಅಂತ ವಾರಗಟ್ಟಲೆ ಚರ್ಚೆ. ಇದ್ದ ದುಡ್ಡೆಲ್ಲ ಅಲ್ಲೇ ಮುಗಿದ ಮೇಲೆ ಆಂಟೆನಾ ನೆನಪಾಗುತ್ತದೆ. ನಾನೂ ಹಾಗೇ ಮಾಡಿದವನು.

ಸ್ವಲ್ಪ ಲೆಕ್ಕ ಹಾಕಿ ನೋಡಿ. 100 ವಾಟಿನ ಬದಲು 200 ವಾಟಿನ ರೇಡಿಯೊ ತಂದರೆ ಸಿಗುವುದು 3 ಡೆಸಿಬೆಲ್. ಆ ಕಡೆ ಕೇಳುವವರ ಮೀಟರಿನಲ್ಲಿ ಅದು ಬರೀ ಅರ್ಧ ಎಸ್-ಯೂನಿಟ್, ಅಂದರೆ ಸಿಗ್ನಲ್ ಬಲ ತೋರಿಸುವ ಆ ಮೀಟರಿನ ಅರ್ಧ ಮೆಟ್ಟಿಲು. ಪೂರ್ತಿ ಒಂದು ಎಸ್-ಯೂನಿಟ್ ಏರಬೇಕಾದರೆ ಪವರ್ ನಾಲ್ಕು ಪಟ್ಟಾಗಬೇಕು. ಮನೆಯೊಳಗೆ ಮುದುಡಿಕೊಂಡಿರುವ ತಂತಿಯನ್ನು ಹೊರಗೆ ತಂದು ಎತ್ತರಕ್ಕೆ ಕಟ್ಟಿದರೆ ಎಷ್ಟೋ ಸಲ ಅದಕ್ಕಿಂತ ಜಾಸ್ತಿ ಸಿಗುತ್ತದೆ. ಅದೂ ಹೇಳುವುದಕ್ಕೂ ಕೇಳುವುದಕ್ಕೂ ಎರಡಕ್ಕೂ. ಪವರ್ ಏರಿಸಿದರೆ ನಿಮ್ಮ ದನಿ ದೊಡ್ಡದಾಗುತ್ತದೆ, ಕಿವಿ ಚುರುಕಾಗುವುದಿಲ್ಲ.

ಇಲ್ಲಿ ಎರಡು ಆಂಟೆನಾ ಕಟ್ಟೋಣ. ಒಂದು, 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಸ್ ಸುತ್ತಲಿನ) ಡೈಪೋಲ್. ಇನ್ನೊಂದು, 2 ಮೀಟರ್ ಬ್ಯಾಂಡಿನ (145 ಮೆಗಾಹರ್ಟ್ಸ್ ಸುತ್ತಲಿನ) ಗ್ರೌಂಡ್ ಪ್ಲೇನ್, ಅಂದರೆ ನೆಟ್ಟಗೆ ನಿಂತ ಒಂದು ಕಡ್ಡಿ, ಅದರ ಬುಡದಲ್ಲಿ ಸುತ್ತ ನಾಲ್ಕು ಕಡ್ಡಿ. ಮೊದಲನೆಯದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಎರಡನೆಯದು ಒಂದು ಸಂಜೆಯ ಕೆಲಸ. ಹಾಗಾಗಿ ಡೈಪೋಲ್ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಮೊದಲು ಉದ್ದದ ಲೆಕ್ಕ

ಡೈಪೋಲ್ ಅಂದರೆ ನಡುವೆ ಕತ್ತರಿಸಿದ ಒಂದು ತಂತಿ, ಅಷ್ಟೇ. 1880ರ ದಶಕದಲ್ಲಿ ಹೈನ್ರಿಕ್ ಹರ್ಟ್ಸ್ ರೇಡಿಯೊ ಅಲೆಗಳನ್ನು ಮೊದಲು ಹುಟ್ಟಿಸಿ ತೋರಿಸಿದ್ದು ಹೆಚ್ಚುಕಡಿಮೆ ಇಂಥದ್ದರಲ್ಲೇ. ನಡುವಿನ ಜಾಗದಲ್ಲಿ ಆತ ಕಿಡಿ ಹಾರಿಸಿದ, ನಾವು ಕೇಬಲ್ ಜೋಡಿಸುತ್ತೇವೆ.

ಅಲೆಯ ಉದ್ದ ಮೀಟರಿನಲ್ಲಿ ಬೇಕೆಂದರೆ 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಬೇಕು. ಡೈಪೋಲಿಗೆ ಅದರಲ್ಲಿ ಅರ್ಧ ಸಾಕು. ಅಂದರೆ 150 ಭಾಗಿಸು ಮೆಗಾಹರ್ಟ್ಸ್. ಆದರೆ ತಂತಿಯ ತುದಿಗಳ ಪ್ರಭಾವದಿಂದ ಅದು ತನ್ನ ನಿಜವಾದ ಉದ್ದಕ್ಕಿಂತ ಸ್ವಲ್ಪ ಉದ್ದವಿದ್ದಂತೆ ನಡೆದುಕೊಳ್ಳುತ್ತದೆ. ಹಾಗಾಗಿ 150ರ ಬದಲು 143 ಹಿಡಿಯುವುದು ರೂಢಿ. 7.1 ಮೆಗಾಹರ್ಟ್ಸ್‌ಗೆ 143ನ್ನು 7.1ರಿಂದ ಭಾಗಿಸಿದರೆ 20.14 ಮೀಟರ್. ಒಂದೊಂದು ಕಡೆ 10.07 ಮೀಟರ್. 14.2 ಮೆಗಾಹರ್ಟ್ಸ್‌ಗೆ ಕಟ್ಟುವುದಾದರೆ ಒಂದೊಂದು ಕಡೆ 5.04 ಮೀಟರ್, 28.5ಕ್ಕೆ 2.51 ಮೀಟರ್. ಜಾಗ ಕಡಿಮೆ ಇರುವವರು ಇವುಗಳಲ್ಲೊಂದನ್ನು ಆರಿಸಿಕೊಳ್ಳಿ, ಮುಂದಿನ ಕೆಲಸವೆಲ್ಲ ಒಂದೇ.

ಈ ಅಂಕಿಗಳನ್ನು ವೇದವಾಕ್ಯ ಅಂದುಕೊಳ್ಳಬೇಡಿ. ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಇನ್ನೂ 2ರಿಂದ 5 ಶೇಕಡಾ ಗಿಡ್ಡ ಬೇಕಾಗುತ್ತದೆ. ನೆಲ ಎಷ್ಟು ಹತ್ತಿರ, ಪಕ್ಕದಲ್ಲಿ ತಗಡಿನ ಮಾಡು ಇದೆಯಾ, ಇವೆಲ್ಲ ಸೇರಿ ಲೆಕ್ಕವನ್ನು ಅಲ್ಲಾಡಿಸುತ್ತವೆ. ಸೂತ್ರ ಹೇಳುವುದು ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಮಾತ್ರ.

ಡೈಪೋಲ್ ಕಟ್ಟುವುದು

ಬೇಕಾದ ಸಾಮಾನು: 21 ಮೀಟರ್‌ನಷ್ಟು ತಾಮ್ರದ ತಂತಿ, ನಡುವಿಗೊಂದು ಗಟ್ಟಿ ಪ್ಲಾಸ್ಟಿಕ್ ತುಂಡು, ತುದಿಗಳಿಗೆ ಎರಡು ಇನ್ಸುಲೇಟರ್, ನೈಲಾನ್ ಹಗ್ಗ, 50 ಓಮ್ ಕೋಆಕ್ಸ್ ಕೇಬಲ್ (ನಡುವೆ ಒಂದು ತಂತಿ, ಸುತ್ತ ಲೋಹದ ಜಾಲರಿ), ರೇಡಿಯೊಗೆ ಸಿಕ್ಕಿಸಲು ಒಂದು ಪಿಎಲ್-259 ಕನೆಕ್ಟರ್. ಮನೆ ವೈರಿಂಗಿಗೆ ಬಳಸುವ, ಹಲವು ಎಳೆಗಳಿರುವ 1 ಅಥವಾ 1.5 ಚದರ ಮಿಲಿಮೀಟರ್ ತಂತಿ ಚೆನ್ನಾಗಿ ನಡೆಯುತ್ತದೆ. ಹೊದಿಕೆ ಸುಲಿಯುವ ಅಗತ್ಯವಿಲ್ಲ. ಅಲ್ಯೂಮಿನಿಯಂ ತಂತಿ ಬೇಡ, ಸಾಲ್ಡರ್ ಹಿಡಿಯುವುದಿಲ್ಲ. ಇನ್ಸುಲೇಟರಿಗೆ ದುಡ್ಡು ಹಾಕಬೇಡಿ. ಹಳೆಯ ಪ್ಲಾಸ್ಟಿಕ್ ಕಟಿಂಗ್ ಬೋರ್ಡಿನಿಂದ ಬೆರಳುದ್ದದ ತುಂಡು ಕತ್ತರಿಸಿ ಎರಡು ತೂತು ಕೊರೆದರೆ ಆಯಿತು.

ತಂತಿಯನ್ನು 10.5 ಮೀಟರಿನ ಎರಡು ತುಂಡು ಮಾಡಿ. 10.07 ಅಲ್ಲ. ಗಂಟಿಗೆ, ಮಡಚುವುದಕ್ಕೆ, ತಪ್ಪು ಲೆಕ್ಕಕ್ಕೆ ಎಲ್ಲಕ್ಕೂ ಜಾಗ ಬೇಕು. ಉದ್ದ ಇರುವುದನ್ನು ಗಿಡ್ಡ ಮಾಡಬಹುದು, ಕತ್ತರಿಸಿ ಬಿದ್ದದ್ದು ವಾಪಸ್ ಬೆಳೆಯುವುದಿಲ್ಲ.

ನಡುವಿನ ಪ್ಲಾಸ್ಟಿಕ್ ತುಂಡಿಗೆ ಸ್ವಲ್ಪ ಗಮನ ಕೊಡಿ. ಅಂಗೈ ಅಗಲದ್ದು ಸಾಕು. ಎಡಕ್ಕೆ ಮೂರು ತೂತು, ಬಲಕ್ಕೆ ಮೂರು, ಕೆಳಗೆ ಕೇಬಲ್ ಕಟ್ಟಲು ಎರಡು, ಮೇಲೆ ಹಗ್ಗಕ್ಕೊಂದು. ತಂತಿಯನ್ನು ಮೂರು ತೂತುಗಳಲ್ಲಿ ಹಾವಿನಂತೆ ಹೊಲಿದು ಹೊರತೆಗೆಯಿರಿ. ಕೇಬಲನ್ನು ಕೆಳಗಿನ ತೂತುಗಳಿಗೆ ಬಿಗಿಯಾಗಿ ಕಟ್ಟಿ. ಆಮೇಲೆ ಕೋಆಕ್ಸಿನ ನಡುತಂತಿಯನ್ನು ಒಂದು ಕಡೆಗೆ, ಹೊರ ಜಾಲರಿಯನ್ನು ಇನ್ನೊಂದು ಕಡೆಗೆ ಸಾಲ್ಡರ್ ಮಾಡಿ. ಗಾಳಿಗೆ ತಂತಿ ಎಳೆದಾಡುವಾಗ ಭಾರವೆಲ್ಲ ಪ್ಲಾಸ್ಟಿಕ್ ಮೇಲೆ ಬೀಳಬೇಕು. ಸಾಲ್ಡರ್ ಮೇಲೆ ಬಿದ್ದರೆ ಮೊದಲ ಜೋರು ಗಾಳಿಗೇ ಕಿತ್ತು ಬರುತ್ತದೆ.

ಇನ್ನು ಚೋಕ್, ಅಂದರೆ ಕೇಬಲಿನ ಹೊರಮೈ ಮೇಲೆ ಹರಿಯುವ ಕರೆಂಟಿಗೊಂದು ತಡೆ. ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ತಲೆ ಕೆರೆದುಕೊಳ್ಳುತ್ತಾರೆ. ಡೈಪೋಲಿನ ಎರಡು ಕೈ ಸಮ, ಆದರೆ ಕೋಆಕ್ಸ್ ಹಾಗಲ್ಲ. ಅದರ ಜಾಲರಿಯ ಹೊರಮೈ ಸುಮ್ನೆ ಮೂರನೇ ಕೈಯಾಗಿ ಸೇರಿಕೊಳ್ಳುತ್ತದೆ. ಆಗ ಕೇಬಲ್ಲೇ ಆಂಟೆನಾ ಆಗುತ್ತದೆ. ಕೇಬಲ್ ಮುಟ್ಟಿದರೆ ಮೀಟರ್ ಮುಳ್ಳು ಅಲ್ಲಾಡುತ್ತದೆ, ಮೈಕಿನ ಲೋಹ ತುಟಿಗೆ ತಾಗಿದರೆ ಚುರುಕ್ ಅನ್ನುತ್ತದೆ, ಮನೆಯ ಸದ್ದುಗದ್ದಲವೆಲ್ಲ ರಿಸೀವರಿಗೆ ಬರುತ್ತದೆ. ಇದನ್ನು ತಡೆಯಲು ಡೈಪೋಲಿನ ಬುಡದಲ್ಲೇ ಕೋಆಕ್ಸನ್ನು ಫೆರೈಟ್ ಎಂಬ ಕಾಂತೀಯ ವಸ್ತುವಿನ ಒಂದು ಬಳೆಗೆ ಸುತ್ತಬೇಕು. ಎಫ್‌ಟಿ240-31 ಅಥವಾ ಎಫ್‌ಟಿ240-43 ಎಂಬ ಬಳೆಗೆ ಆರ್‌ಜಿ-58 ಎಂಬ ತೆಳು ಕೋಆಕ್ಸಿನ 10ರಿಂದ 12 ಸುತ್ತು ಸಾಕು. ಬಳೆ ಸಿಗದಿದ್ದರೆ ಕೇಬಲನ್ನೇ ಸುರುಳಿ ಸುತ್ತಿ ಕಟ್ಟುವುದುಂಟು. 7 ಮೆಗಾಹರ್ಟ್ಸ್‌ನಲ್ಲಿ ಅದು ಬಳೆಯಷ್ಟು ಗಟ್ಟಿಯಲ್ಲ, ಆದರೂ ಏನೂ ಇಲ್ಲದಿರುವುದಕ್ಕಿಂತ ವಾಸಿ.

ಮೇಲೆತ್ತುವ ಮುನ್ನ ಮೇಲೆ ನೋಡಿ

ಕರೆಂಟ್ ಲೈನ್ ಎಲ್ಲಿದೆ? ಬೇರೆ ಏನೇ ಮರೆತರೂ ಇದನ್ನು ಮರೆಯಬೇಡಿ. ಕಂಬ ಉರುಳಿದರೂ, ತಂತಿ ತುಂಡಾಗಿ ಗಾಳಿಗೆ ಹಾರಿದರೂ ಲೈನಿಗೆ ತಾಗುವಂತಿರಬಾರದು. ಕಂಬದ ಎತ್ತರದ ಒಂದೂವರೆ ಪಟ್ಟಾದರೂ ದೂರ ಇಡಿ. ತಂತಿಯ ಉದ್ದವನ್ನೂ ಲೆಕ್ಕಕ್ಕೆ ಹಿಡಿಯಿರಿ. ಲೈನಿನ ಮೇಲಾಗಲಿ ಕೆಳಗಾಗಲಿ ಆಂಟೆನಾ ಹಾಯುವಂತೆಯೇ ಇಲ್ಲ. ಒಬ್ಬರೇ ಏಣಿ ಹತ್ತಬೇಡಿ.

ಎರಡು ಎತ್ತರದ ಆಸರೆ ಇದ್ದವರು ತಂತಿಯನ್ನು ನೇರವಾಗಿ ಕಟ್ಟಬಹುದು. ಹೆಚ್ಚಿನವರಿಗೆ ಒಂದೇ ಕಂಬ ಅಥವಾ ಮರ ಇರುತ್ತದೆ. ಆಗ ನಡುವನ್ನು ಅದರ ತುದಿಗೆ ಏರಿಸಿ, ಎರಡು ಕೈಗಳನ್ನು ಮಾಡಿನಂತೆ ಇಳಿಬಿಡಿ. ಇದಕ್ಕೆ ಇನ್ವರ್ಟೆಡ್ ವಿ ಅನ್ನುತ್ತಾರೆ. ಕೈಗಳ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆ ಆಗದಿರಲಿ. ಇದರಲ್ಲೊಂದು ಲಾಭವೂ ಇದೆ. ನೇರ ಡೈಪೋಲಿನ ಇಂಪೀಡೆನ್ಸ್, ಅಂದರೆ ಅದು ಕೇಬಲಿಗೆ ತೋರುವ ಎಸಿ ತಡೆ, ನೆಲವೂ ಸೇರಿ ಹತ್ತಿರ ಏನೂ ಇಲ್ಲದಿದ್ದರೆ ಸುಮಾರು 73 ಓಮ್. ಕೈಗಳು ಇಳಿದಂತೆ ಅದು 50ರ ಹತ್ತಿರ ಬರುತ್ತದೆ. ನಮ್ಮ ಕೇಬಲ್ ಬಯಸುವುದೂ ಅದನ್ನೇ ಅಲ್ವಾ?

ತುದಿಗಳು ಯಾರ ಕೈಗೂ ಎಟುಕಬಾರದು. ಡೈಪೋಲಿನಲ್ಲಿ ಕರೆಂಟ್ ಜಾಸ್ತಿ ಇರುವುದು ನಡುವೆ, ವೋಲ್ಟೇಜ್ ಜಾಸ್ತಿ ಇರುವುದು ತುದಿಯಲ್ಲಿ. ಟ್ರಾನ್ಸ್‌ಮಿಟ್ ಮಾಡುವಾಗ ಮುಟ್ಟಿದರೆ ಚರ್ಮ ಸುಡುತ್ತದೆ. ಕನಿಷ್ಠ 3 ಮೀಟರ್ ಎತ್ತರದಲ್ಲಿರಲಿ.

ಎತ್ತರ ಎಷ್ಟಿರಬೇಕು? ದೂರದ ದೇಶಗಳು ಬೇಕೆಂದರೆ ಅರ್ಧ ಅಲೆಯಷ್ಟು, ಅಂದರೆ 40 ಮೀಟರ್ ಬ್ಯಾಂಡಿಗೆ 20 ಮೀಟರ್. ಯಾರ ಮನೆಯಲ್ಲಿದೆ ಅಷ್ಟು ಎತ್ತರ! 7-8 ಮೀಟರಿನಲ್ಲಿ ಕಟ್ಟಿದರೆ ಅಲೆಗಳು ಹೆಚ್ಚಾಗಿ ನೆತ್ತಿಯ ಮೇಲಕ್ಕೆ ಹೋಗಿ, ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ, ಸುತ್ತಲಿನ ಕೆಲವು ನೂರು ಕಿಲೋಮೀಟರಿನಲ್ಲಿ ಮಳೆಯಂತೆ ಇಳಿಯುತ್ತವೆ. ಹಗಲಿನ ಹತ್ತಿರದ ಮಾತುಕತೆಗೆ ಇದೇ ಬೇಕಾದದ್ದು. ತಗ್ಗಿನ ಡೈಪೋಲನ್ನು ಹೀಯಾಳಿಸುವವರ ಮಾತು ಕೇಳಿ ಕಟ್ಟದೇ ಕೂರಬೇಡಿ.

ಅಳೆಯಿರಿ, ಮಡಚಿ, ಮತ್ತೆ ಅಳೆಯಿರಿ

ಎಸ್‌ಡಬ್ಲ್ಯೂಆರ್ ಅಂದರೆ ಆಂಟೆನಾ ಕೇಬಲಿಗೆ ಎಷ್ಟು ಹೊಂದಿದೆ ಅನ್ನುವ ಅಳತೆ, 1 ಇದ್ದರೆ ಪೂರ್ತಿ ಹೊಂದಿದಂತೆ. ಅದರ ಮೀಟರ್ ಇದ್ದರೆ ಕಡಿಮೆ ಪವರಿನಲ್ಲಿ 7.0, 7.1, 7.2 ಮೆಗಾಹರ್ಟ್ಸ್‌ನಲ್ಲಿ ಅಳೆದು ಬರೆದಿಡಿ. ನ್ಯಾನೊವಿಎನ್‌ಎ ಎಂಬ ಪುಟ್ಟ ಉಪಕರಣ ಇದ್ದರೆ ಇನ್ನೂ ಸುಲಭ. ಬ್ಯಾಂಡಿನ ಆಚೆಗೂ ಪೂರ್ತಿ ಗೆರೆ ಒಮ್ಮೆಲೇ ಕಾಣುತ್ತದೆ, ಎಸ್‌ಡಬ್ಲ್ಯೂಆರ್ ಅತಿ ಕಡಿಮೆ ಇರುವ ತಗ್ಗು ಎಲ್ಲಿದೆ ಅಂತ ಹುಡುಕಬೇಕಿಲ್ಲ. ಸ್ನೇಹಿತರಿಂದ ಎರಡು ದಿನಕ್ಕೆ ಕಡ ತಂದರೂ ಆದೀತು.

ತಗ್ಗು ನಿಮಗೆ ಬೇಕಾದ ಫ್ರೀಕ್ವೆನ್ಸಿಗಿಂತ ಕೆಳಗಿದ್ದರೆ ತಂತಿ ಉದ್ದ ಜಾಸ್ತಿ. ಮೇಲಿದ್ದರೆ ಗಿಡ್ಡ. ಎಷ್ಟು ತೆಗೆಯಬೇಕು ಅನ್ನುವುದಕ್ಕೆ ಒಂದು ಸುಲಭ ಲೆಕ್ಕ: ಈಗಿನ ಉದ್ದವನ್ನು ತಗ್ಗಿನ ಫ್ರೀಕ್ವೆನ್ಸಿಯಿಂದ ಗುಣಿಸಿ, ಬೇಕಾದ ಫ್ರೀಕ್ವೆನ್ಸಿಯಿಂದ ಭಾಗಿಸಿ. ಒಟ್ಟು 20.7 ಮೀಟರ್ ತಂತಿ 6.9ರಲ್ಲಿ ತಗ್ಗು ತೋರಿಸಿತು ಅಂದುಕೊಳ್ಳಿ. 20.7 ಗುಣಿಸು 6.9, ಭಾಗಿಸು 7.1. ಬಂದದ್ದು 20.12. ಅಂದರೆ ಒಟ್ಟು 58 ಸೆಂಟಿಮೀಟರ್, ಒಂದೊಂದು ಕಡೆ 29 ಸೆಂಟಿಮೀಟರ್ ತೆಗೆಯಬೇಕು. ಆದರೆ ಒಂದೇ ಸಲಕ್ಕೆ 29 ಬೇಡ. 25 ತೆಗೆದು ಮತ್ತೆ ಮೇಲೇರಿಸಿ ಅಳೆಯಿರಿ. ಕೊನೆಗೆ ಬರುವಾಗ ಒಂದೊಂದು ಕಡೆ 1 ಸೆಂಟಿಮೀಟರಿಗೆ ಸುಮಾರು 7 ಕಿಲೋಹರ್ಟ್ಸ್ ಜರುಗುತ್ತದೆ ಅನ್ನುವುದು ನೆನಪಿರಲಿ.

ತೆಗೆಯುವುದು ಅಂದರೆ ಕತ್ತರಿಸುವುದೇ ಆಗಬೇಕಿಲ್ಲ. ಹೊದಿಕೆ ಇರುವ ತಂತಿಯ ತುದಿಯನ್ನು ಹಿಂದಕ್ಕೆ ಮಡಚಿ ಅದರ ಮೇಲೆಯೇ ಒತ್ತಾಗಿ ಸುತ್ತಿಬಿಟ್ಟರೆ ಅದು ಗಿಡ್ಡ ತಂತಿಯಂತೆಯೇ ನಡೆದುಕೊಳ್ಳುತ್ತದೆ. ಲೆಕ್ಕ ತಪ್ಪಿದರೆ ಬಿಚ್ಚಿ ಉದ್ದ ಮಾಡಬಹುದು. ಕತ್ತರಿ ಹಿಡಿದು ಹೊರಟವರು ಒಂದಲ್ಲ ಒಂದು ದಿನ ತಂತಿಗೆ ತೇಪೆ ಹಾಕಲೇಬೇಕು. ನನ್ನ ಮೊದಲ ಡೈಪೋಲಿನಲ್ಲಿ ಅಂಥ ತೇಪೆ ಮೂರಿದ್ದವು.

ಎಷ್ಟಕ್ಕೆ ನಿಲ್ಲಿಸಬೇಕು? ಎಸ್‌ಡಬ್ಲ್ಯೂಆರ್ 1.5 ಇದ್ದರೆ ವಾಪಸ್ ಬರುವುದು 4 ಶೇಕಡಾ ಪವರ್. 2 ಇದ್ದರೆ 11 ಶೇಕಡಾ. 3ಕ್ಕೆ 25. ಅಂದರೆ 1.5ಕ್ಕೆ ಬಂದಿತೆಂದರೆ ಕೆಳಗಿಳಿದು ಮಾತಾಡಲು ಹೋಗಿ. 1.1 ಬೇಕು ಅಂತ ಭಾನುವಾರವೆಲ್ಲ ಏಣಿ ಮೇಲೆ ಕಳೆಯುವವರನ್ನು ನೋಡಿದ್ದೇನೆ. ಆ ವ್ಯತ್ಯಾಸ ಈ ಭೂಮಿ ಮೇಲೆ ಯಾರ ಕಿವಿಗೂ ಕೇಳಿಸುವುದಿಲ್ಲ.

ಮಳೆ ಕಲಿಸಿದ ಪಾಠ

ಒಂದು ಮಳೆಗಾಲ ಕಳೆದ ಮೇಲೆ ನನ್ನ ಡೈಪೋಲಿನ ಎಸ್‌ಡಬ್ಲ್ಯೂಆರ್ ತಾನಾಗಿಯೇ ಇಳಿಯಿತು. 1.6 ಇದ್ದದ್ದು 1.2 ಆಯಿತು. ಬ್ಯಾಂಡಿನ ಈ ತುದಿಯಿಂದ ಆ ತುದಿಯವರೆಗೂ ಹಾಗೇ. ನನಗೋ ಖುಷಿ. ಆದರೆ ಕರೆದರೆ ಯಾರೂ ತಿರುಗಿ ನೋಡುತ್ತಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ರೇಡಿಯೊ ಅಲೆಗಳ ಓಟವನ್ನು ಏರುಪೇರು ಮಾಡುವ ಸೂರ್ಯನ ಕಲೆಗಳನ್ನು ಬೈದುಕೊಂಡು ಎರಡು ವಾರ ಕಳೆದೆ. ಕೊನೆಗೆ ಇಳಿಸಿ ನೋಡಿದರೆ ಮೇಲ್ತುದಿಯಲ್ಲಿ ಬಾಯಿ ತೆರೆದುಕೊಂಡಿದ್ದ ಕೋಆಕ್ಸ್ ನೀರು ಕುಡಿದಿತ್ತು. ಒಳಗಿನ ತಾಮ್ರದ ಜಾಲರಿ ಕಪ್ಪು, ಕೆಲವು ಕಡೆ ಹಸಿರು.

ಆದದ್ದು ಇಷ್ಟು. ನೀರು ಕುಡಿದ ಕೇಬಲ್ ಪವರನ್ನು ದಾರಿಯಲ್ಲೇ ತಿಂದು ಬಿಸಿ ಮಾಡುತ್ತಿತ್ತು. ಮೇಲಕ್ಕೆ ಹೋಗುವುದೇ ಕಡಿಮೆ, ಅದರಲ್ಲಿ ವಾಪಸ್ ಬಂದದ್ದನ್ನೂ ತಿನ್ನುತ್ತಿತ್ತು. ವಾಪಸ್ ಏನೂ ಬಾರದಿದ್ದರೆ ಮೀಟರ್ ಏನು ಹೇಳೀತು? ಎಲ್ಲ ಚೆನ್ನಾಗಿದೆ ಅನ್ನುತ್ತದೆ. ಆಂಟೆನಾ ಬದಲು ಜೋಡಿಸುವ 50 ಓಮಿನ ರೆಸಿಸ್ಟರ್, ಅಂದರೆ ಡಮ್ಮಿ ಲೋಡ್ ಕೂಡ 1.0 ತೋರಿಸುತ್ತದೆ, ಅದರಲ್ಲಿ ಮಾತಾಡಿದರೆ ಪಕ್ಕದ ಬೀದಿಗೂ ಕೇಳುವುದಿಲ್ಲ. ಹಾಗಾಗಿ ಏನೂ ಮಾಡದೇ ಎಸ್‌ಡಬ್ಲ್ಯೂಆರ್ ಸುಧಾರಿಸಿದರೆ ಸಂತೋಷಪಡಬೇಡಿ, ಅನುಮಾನಪಡಿ.

ತಡೆಯುವುದು ಕಷ್ಟವಲ್ಲ. ಕೋಆಕ್ಸಿನ ಸುಲಿದ ಬಾಯಿ ಕೆಳಮುಖವಾಗಿರಲಿ. ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಅದರ ಮೇಲೆ ಮಾಮೂಲಿ ಪಿವಿಸಿ ಟೇಪ್ ಸುತ್ತಿ. ಸುತ್ತು ಕೆಳಗಿಂದ ಮೇಲಕ್ಕೆ ಹೋಗಲಿ. ಹೆಂಚು ಹೊದೆಸಿದಂತೆ ಮೇಲಿನ ಪದರ ಕೆಳಗಿನದನ್ನು ಮುಚ್ಚಬೇಕು, ಆಗ ನೀರು ಜಾರಿ ಹೋಗುತ್ತದೆ. ಕೇಬಲ್ ಮನೆಯೊಳಗೆ ಬರುವ ಮುನ್ನ ಒಂದು ಸುತ್ತು ಜೋತುಬೀಳಲಿ, ಹನಿಗಳು ಅಲ್ಲೇ ತೊಟ್ಟಿಕ್ಕುತ್ತವೆ.

ಸಿಡಿಲಿನ ವಿಷಯ ಎರಡೇ ಮಾತು. ಗುಡುಗು ಕೇಳುವ ಮುನ್ನವೇ ಕೇಬಲ್ ಕಳಚಿ, ಮನೆಯ ಹೊರಗೆ ಬಿಡಿ. ಗುಡುಗು ಶುರುವಾದ ಮೇಲೆ ಹೋಗಿ ಮುಟ್ಟಬೇಡಿ.

2 ಮೀಟರಿಗೆ ಗ್ರೌಂಡ್ ಪ್ಲೇನ್

ಕೈಯಲ್ಲಿ ಹಿಡಿಯುವ ರೇಡಿಯೊ ಜೊತೆ ಬರುವ ಗಿಡ್ಡ ರಬ್ಬರ್ ಆಂಟೆನಾ ಅನುಕೂಲಕ್ಕೆ ಹುಟ್ಟಿದ್ದು, ಕೆಲಸಕ್ಕಲ್ಲ. ಮಾಡಿನ ಮೇಲೊಂದು ಗ್ರೌಂಡ್ ಪ್ಲೇನ್ ಇಟ್ಟರೆ ಅದೇ 5 ವಾಟಿನ ರೇಡಿಯೊ ಬೇರೆಯದೇ ಆಗಿಬಿಡುತ್ತದೆ.

ಪಿಎಲ್-259 ಕೂರುವ ಎಸ್‌ಒ-239 ಸಾಕೆಟ್ ಒಂದು ತನ್ನಿ, ನಾಲ್ಕು ಮೂಲೆಯಲ್ಲಿ ತೂತಿರುವ ಚೌಕದ್ದು. 2 ಮಿಲಿಮೀಟರ್ ದಪ್ಪದ ತಾಮ್ರ ಅಥವಾ ಹಿತ್ತಾಳೆ ಕಡ್ಡಿ ಐದು ತುಂಡು ಬೇಕು. 145 ಮೆಗಾಹರ್ಟ್ಸ್‌ಗೆ ಕಾಲು ಅಲೆ ಸುಮಾರು 49 ಸೆಂಟಿಮೀಟರ್. ನೆಟ್ಟಗೆ ನಿಲ್ಲುವ ಕಡ್ಡಿಯನ್ನು 51ಕ್ಕೆ ಕತ್ತರಿಸಿ ನಡುವಿನ ಪಿನ್ನಿಗೆ ಸಾಲ್ಡರ್ ಮಾಡಿ. ಉಳಿದ ನಾಲ್ಕು ರೇಡಿಯಲ್‌ಗಳು. ಅವು 49ಕ್ಕಿಂತ 5 ಶೇಕಡಾದಷ್ಟು ಉದ್ದ ಇರಲಿ, ಅಂದರೆ 51-52 ಸೆಂಟಿಮೀಟರ್. ಒಂದೊಂದನ್ನೂ ಮೂಲೆಯ ತೂತಿಗೆ 3 ಮಿಲಿಮೀಟರ್ ಬೋಲ್ಟ್ ಹಾಕಿ ಬಿಗಿಯಿರಿ. ಆಮೇಲೆ ನಾಲ್ಕನ್ನೂ 45 ಡಿಗ್ರಿ ಕೆಳಕ್ಕೆ ಬಾಗಿಸಿ.

ಈ ಬಾಗು ಅಂದಕ್ಕಲ್ಲ. ರೇಡಿಯಲ್‌ಗಳು ಮಟ್ಟಸವಾಗಿದ್ದರೆ ಇಂಪೀಡೆನ್ಸ್ ಸುಮಾರು 36 ಓಮ್. ಬಾಗಿಸಿದಷ್ಟೂ ಏರುತ್ತದೆ, 45 ಡಿಗ್ರಿಯಲ್ಲಿ 50ರ ಹತ್ತಿರ. ಹಾಗಾಗಿ ಇಲ್ಲಿ ಹೊಂದಿಸಲು ಎರಡು ಕೀಲಿ ಇವೆ. ತಗ್ಗು ಯಾವ ಫ್ರೀಕ್ವೆನ್ಸಿಯಲ್ಲಿದೆ ಅನ್ನುವುದನ್ನು ನೆಟ್ಟಗಿನ ಕಡ್ಡಿಯ ಉದ್ದ ಹೇಳುತ್ತದೆ, ತಗ್ಗು ಎಷ್ಟು ಆಳ ಅನ್ನುವುದನ್ನು ರೇಡಿಯಲ್ ಕೋನ. ಕಡ್ಡಿಯನ್ನು 2-3 ಮಿಲಿಮೀಟರ್‌ಗಳಷ್ಟೇ ಕತ್ತರಿಸುತ್ತಾ ಬನ್ನಿ.

ರೇಡಿಯಲ್ ತುದಿಗಳನ್ನು ಪುಟ್ಟ ಉಂಗುರದಂತೆ ಸುರುಳಿ ಮಾಡಲು ಮರೆಯಬೇಡಿ. ಕಣ್ಣಿನ ಎತ್ತರದಲ್ಲಿ ಇಟ್ಟು ಹೊಂದಿಸುವಾಗ ಚೂಪು ಕಡ್ಡಿಗಳು ಅಪಾಯ.

ನಿಲ್ಲಿಸುವುದು ಸುಲಭ. ಪಿಎಲ್-259 ನುಗ್ಗುವಷ್ಟು ಬಾಯಿಯ ಪಿವಿಸಿ ಪೈಪಿನೊಳಗಿಂದ ಕೇಬಲ್ ತಂದು ಸಾಕೆಟ್ಟಿಗೆ ತಿರುಗಿಸಿ. ಸಾಕೆಟ್ಟಿನ ಚೌಕ ಪೈಪಿನ ಬಾಯಿ ಮೇಲೆ ಕೂರುತ್ತದೆ.

ಇಲ್ಲಿ ಜಿಪುಣತನ ಮಾಡಬಾರದ ಜಾಗ ಒಂದಿದೆ: ಕೇಬಲ್. 20 ಮೀಟರ್ ಆರ್‌ಜಿ-58 ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ 1 ಡೆಸಿಬೆಲ್ಲೂ ತಿನ್ನುವುದಿಲ್ಲ. ಅದೇ ಕೇಬಲ್ 145ರಲ್ಲಿ ಅರ್ಧಕ್ಕಿಂತ ಜಾಸ್ತಿ ಪವರ್ ನುಂಗುತ್ತದೆ. ಒಂದೋ ಕೇಬಲ್ ಗಿಡ್ಡ ಇರಲಿ, ಇಲ್ಲವೇ ಆರ್‌ಜಿ-213ರಂಥ ದಪ್ಪನೆಯದು ಹಾಕಿ.

ಕಟ್ಟಿ ಮುಗಿದ ಮೇಲೆ ರೇಡಿಯೊವನ್ನು 145.800 ಮೆಗಾಹರ್ಟ್ಸ್ ಎಫ್‌ಎಂಗೆ ತಿರುಗಿಸಿ ನೋಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಹ್ಯಾಮ್ ದನಿ ಕೆಳಗಿಳಿಯುವುದು ಇದರಲ್ಲೇ. ಯಾವಾಗಲೂ ಇರುವುದಿಲ್ಲ. ಇದ್ದ ದಿನ, ನಾಲ್ಕು ಕಡ್ಡಿ ಬಾಗಿಸಿದ್ದಕ್ಕೆ ಇಷ್ಟಾ ಅನ್ನಿಸುತ್ತದೆ.

ಒಂದೇ ತಂತಿ ಸಾಕು ಅನ್ನುವವರಿಗೆ

ಡೈಪೋಲಿನ ನಡುವನ್ನು ಎತ್ತಲು ಜಾಗವೇ ಇಲ್ಲದವರು ಅದೇ 20 ಮೀಟರ್ ತಂತಿಗೆ ತುದಿಯಿಂದ ಪವರ್ ಕೊಡಬಹುದು. ತುದಿಯಲ್ಲಿ ಇಂಪೀಡೆನ್ಸ್ ಸಾವಿರಗಟ್ಟಲೆ ಓಮ್, ಆದ್ದರಿಂದ 49:1 ಟ್ರಾನ್ಸ್‌ಫಾರ್ಮರ್ ಬೇಕು. 43 ಮಿಕ್ಸ್ ಎಂಬ ಬಗೆಯ ಫೆರೈಟ್ ಬಳೆಗೆ ಒಂದು ಕಡೆ 2 ಸುತ್ತು, ಇನ್ನೊಂದು ಕಡೆ 14. ಏಳು ಪಟ್ಟು ಸುತ್ತು, ಏಳರ ವರ್ಗ 49. ರೇಡಿಯೊ ಕಡೆಗೆ ಅಡ್ಡವಾಗಿ 100 ಪೈಕೊಫ್ಯಾರಡ್ ಕೆಪಾಸಿಟರ್ ಹಾಕುತ್ತಾರೆ. 40, 20, 15, 10 ನಾಲ್ಕೂ ಬ್ಯಾಂಡಿನಲ್ಲಿ ನಡೆಯುತ್ತದೆ. ಅನುಕೂಲ ನಿಜ. ಆದರೆ ಬಳೆ ಬಿಸಿಯಾಗುತ್ತದೆ, ಕೇಬಲಿನ ಹೊರಮೈ ಆಂಟೆನಾದ ಭಾಗವಾಗುತ್ತದೆ. ಮೊದಲ ಆಂಟೆನಾ ಆಗಿ ನಾನು ಇದನ್ನು ಹೇಳುವುದಿಲ್ಲ.

ಕೆಲಸ ಮಾಡುತ್ತಿದೆಯಾ?

ಮೀಟರನ್ನು ನಂಬುವಂತಿಲ್ಲ ಅಂದ ಮೇಲೆ ಯಾರನ್ನು ಕೇಳುವುದು? ನಾನು ವಿಸ್ಪರನ್ನು ಕೇಳುತ್ತೇನೆ. ಡಬ್ಲ್ಯೂಎಸ್‌ಪಿಆರ್ ಎಂಬುದನ್ನು ಎಲ್ಲರೂ ಹಾಗೇ ಕರೆಯುವುದು. ಜೋ ಟೇಲರ್ 2008ರಲ್ಲಿ ಹೊರತಂದ ಪದ್ಧತಿ ಇದು. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಆತನೂ ಹ್ಯಾಮ್. ನಿಮ್ಮ ರೇಡಿಯೊ ಸುಮಾರು ಎರಡು ನಿಮಿಷ ನಿಧಾನವಾಗಿ ಕರೆ ಚಿಹ್ನೆ (ಲೈಸೆನ್ಸಿನ ಜೊತೆ ಸಿಗುವ ನಿಮ್ಮ ಗುರುತು), ಜಾಗ, ಪವರ್ ಇಷ್ಟನ್ನು ಕಳಿಸುತ್ತದೆ. ಕೇಳಿಸಿಕೊಂಡ ರಿಸೀವರ್‌ಗಳು ತಾವಾಗಿಯೇ ಇಂಟರ್ನೆಟ್ಟಿಗೆ ವರದಿ ಹಾಕುತ್ತವೆ. 40 ಮೀಟರಿನಲ್ಲಿ ರೇಡಿಯೊವನ್ನು 7.0386 ಮೆಗಾಹರ್ಟ್ಸ್, ಯುಎಸ್‌ಬಿಗೆ (ಅಪ್ಪರ್ ಸೈಡ್‌ಬ್ಯಾಂಡ್ ಎಂಬ ಮೋಡಿಗೆ) ಇಡಬೇಕು. ಪವರನ್ನು 1 ವಾಟಿಗಿಂತ ಕೆಳಗಿಳಿಸಿ, ಸಂಜೆ ಶುರು ಮಾಡಿ. ನೀವು ಎದುರಿಗಿರುವವರೆಗೆ ನಡೆಸಿ, ಮಲಗುವ ಮುನ್ನ ಟ್ರಾನ್ಸ್‌ಮಿಟ್ ನಿಲ್ಲಿಸಿ, ಕೇಳುವುದಕ್ಕೆ ಮಾತ್ರ ಬಿಡಿ. ಬೆಳಗ್ಗೆ ನಕ್ಷೆ ತೆರೆದು ಗೆರೆಗಳು ಎಲ್ಲೆಲ್ಲಿ ಹೋಗಿವೆ ನೋಡಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು ಆ ದಿನದ ತಂತಿಯ ಉದ್ದ, ಎತ್ತರ, ಮೂರು ಜಾಗದ ಎಸ್‌ಡಬ್ಲ್ಯೂಆರ್, ಎಷ್ಟು ವರದಿ ಬಂತು, ಎಲ್ಲ ಬರೆದಿಡಿ. ಮಳೆಯಿಲ್ಲದ ಒಣ ದಿನವೇ ಬರೆಯಿರಿ, ಮಳೆಗಾಲ ಮುಗಿದ ಮೇಲೆ ಹೋಲಿಸಿ ನೋಡಲು ಬೇಕಾಗುತ್ತದೆ.